ಸುಮಂಗಲಾ, ನಿನ್ನ ಗಂಡನಿಗೆ ಹೇಳಿದವಳು ನಾನು

ಸುಮಂಗಲಾ, ಆ ದಿನ ಅರವಿಂದನಿಗೆ ಫೋನ್ ಮಾಡಿ ಹೇಳಿದ್ದು ಪಕ್ಕದ ಮನೆಯ ಇಂದ್ರಾ ಆಂಟಿ ಅಲ್ಲ. ನಾನು. ಕಾರಿನ ಬಾಗಿಲಿಗೆ ಸಿಕ್ಕಿ ನಿನ್ನ ಬೆರಳು ಮುರಿದದ್ದು, ನಿನ್ನ ತುಟಿ ಸೀಳಿ ಹೊಲಿಗೆ ಬಿದ್ದದ್ದು, ನಿನ್ನ ಮಗಳು ಇಂಚರಳ ಎಡಗಿವಿ ಹೋದದ್ದು — ಎಲ್ಲವೂ ಆ ಕರೆಯ ನಂತರ, ಅದೇ ದಿನ. ಆಮೇಲೆ ನೀನು ನನ್ನ ಮುಖ ನೋಡಿ ಕೇಳಿದಾಗ ಸುಳ್ಳು ಹೇಳಿದೆ. ಇಷ್ಟು ವರ್ಷ ಆ ಸುಳ್ಳನ್ನು ಇಟ್ಟುಕೊಂಡು ಬದುಕಿದೆ. ನೊಂದುಕೊಂಡು ಬದುಕಿದೆ ಎಂದು ಬರೆಯಲು ಹೊರಟಿದ್ದೆ — ಇಲ್ಲ, ಚೆನ್ನಾಗಿಯೇ ಬದುಕಿದೆ. ಅದನ್ನೂ ಹೇಳಬೇಕು.

ಕೊರೋನಾ ಬಂದು ವರ್ಷ ತುಂಬುತ್ತಿದ್ದ ಚಳಿಗಾಲ. ನಮ್ಮ ಈ ಡಚ್ ಊರು ಕಾಪೆಲ್ಲೆಯಲ್ಲಿ ಶಾಲೆಗಳು ಎರಡನೆಯ ಸಲ ಮುಚ್ಚಿದ್ದವು. ಇಲ್ಲಿಯ ಶಾಲೆಗಳಲ್ಲಿ ನಮ್ಮ ಕಡೆಯ ಬಿಸಿಯೂಟದಂಥದ್ದು ಇಲ್ಲ, ಮಕ್ಕಳು ಮನೆಯಿಂದ ಬ್ರೆಡ್ಡು ಕಟ್ಟಿಕೊಂಡು ಹೋಗುತ್ತವೆ. ಆದರೆ ಆ ಚಳಿಗಾಲದಲ್ಲಿ ಎಷ್ಟೋ ಮನೆಗಳಲ್ಲಿ ಕೆಲಸ ಹೋಗಿತ್ತು. ಮಕ್ಕಳು ಮನೆಯಲ್ಲಿ ಏನು ತಿನ್ನುತ್ತಿವೆಯೋ ಎಂದು ಮೇಷ್ಟರುಗಳಿಗೇ ಚಿಂತೆಯಾಗಿ, ನಮ್ಮ ಬಡಾವಣೆಯ ಸಮುದಾಯ ಭವನದ ಅಡುಗೆಮನೆಯಲ್ಲಿ ಶಾಲೆಯ ಮಕ್ಕಳಿಗಾಗಿ ಮಧ್ಯಾಹ್ನದ ಊಟ ಬೇಯಿಸುವ ಏರ್ಪಾಡಾಯಿತು. ಅದನ್ನು ನಡೆಸುತ್ತಿದ್ದವಳು ಹೆನ್ನಿ, ಅರವತ್ತು ದಾಟಿದ ಡಚ್ ಹೆಂಗಸು. ನಾನು ಸ್ವಯಂಸೇವಕಿಯಾಗಿ ಸೇರಿಕೊಂಡೆ. ಹಿಂದಿ, ಕನ್ನಡ ಬರುತ್ತದೆಂದು ಭಾರತದ ಕುಟುಂಬಗಳನ್ನು ವಿಚಾರಿಸುವ ಕೆಲಸ ನನ್ನ ಪಾಲಿಗೆ ಬಂತು.

ನಾನೇಕೆ ಸೇರಿದೆ ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ನನ್ನ ಗಂಡ ಶ್ರೀಧರನ ಕೆಲಸ ಹೋಗಿತ್ತು. ಮೂರು ತಿಂಗಳೊಳಗೆ ಬೇರೆ ಕೆಲಸ ಸಿಗದಿದ್ದರೆ ಇಲ್ಲಿರುವ ಪರ್ಮಿಟ್ಟೂ ಹೋಗಿ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಮೈಸೂರಿಗೆ ವಾಪಸ್ಸು. ಮನೆಯಲ್ಲಿ ಕುಳಿತರೆ ಉಸಿರು ಕಟ್ಟುತ್ತಿತ್ತು. ಒಂದು ದಿನ ಹೆನ್ನಿ ಮೆಲ್ಲಗೆ, "ನಿನ್ನ ಮಕ್ಕಳಿಗೂ ತಗೊಂಡು ಹೋಗು ವಿಜಯಾ, ನಾಚಿಕೆ ಏಕೆ?" ಎಂದಳು. ನಮ್ಮ ಆದಾಯ ಆಗ ಅವರ ಮಿತಿಯ ಕೆಳಗೇ ಇತ್ತು, ನನ್ನ ಮಕ್ಕಳು ಆ ಊಟಕ್ಕೆ ನಿಜವಾಗಿಯೂ ಅರ್ಹರು. "ನಮಗೆ ಅಗತ್ಯವಿಲ್ಲ" ಎಂದೆ. ಇನ್ನೊಬ್ಬರ ಮಕ್ಕಳಿಗೆ ಅನ್ನ ತುಂಬಿ ಕೊಟ್ಟು, ಮನೆಗೆ ಹೋಗಿ ನನ್ನ ಮಕ್ಕಳಿಗೆ ನೀರು ಹೆಚ್ಚು ಹಾಕಿದ ಸಾರು ಬಡಿಸುತ್ತಿದ್ದೆ. ಮರ್ಯಾದೆ ಉಳಿಯಿತು ಅಂದುಕೊಳ್ಳುತ್ತಿದ್ದೆ.

ಹಾಗಿರುವಾಗ ನೀನು ಬಂದೆ. ಸಾಲಿನಲ್ಲಿ ನಿಲ್ಲದೆ, ಎಲ್ಲರೂ ಹೋದ ಮೇಲೆ, ಹಿಂದಿನ ಬಾಗಿಲಿಗೆ. ನಿನ್ನ ಕೈ ಹಿಡಿದುಕೊಂಡು ಇಂಚರ. ನಿನ್ನನ್ನು ರಾಜ್ಯೋತ್ಸವದ ಸಮಾರಂಭದಲ್ಲಿ ನೋಡಿದ್ದೆ — ಮೈತುಂಬ ರೇಷ್ಮೆ, ಪಕ್ಕದಲ್ಲಿ ನಗುನಗುತ್ತಾ ಎಲ್ಲರಿಗೂ ಕೈಕುಲುಕುವ ಅರವಿಂದ. ದೊಡ್ಡ ಕಂಪನಿಯ ಮ್ಯಾನೇಜರು. ಅಂಥ ಮನೆಯವಳು ಡಬ್ಬಿ ಕೇಳುತ್ತಿದ್ದೀಯ.

"ಅಕ್ಕಾರ, ಒಂದು ಡಬ್ಬಿ ಉಳದಿದ್ರ ಕೊಡ್ರಿ. ಹುಡುಗಿ ಹಸದಾಳ್ರಿ" ಎಂದೆ ನೀನು.

ಕೊಟ್ಟೆ. ಇಂಚರ ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು ಕೈಯಲ್ಲೇ ತಿಂದಳು, ಮುಚ್ಚಳಕ್ಕೆ ಅಂಟಿದ ಅನ್ನದ ಅಗುಳನ್ನೂ ಬಿಡದೆ. ಏಳು ವರ್ಷದ ಹುಡುಗಿ ಹಾಗೆ ತಿನ್ನುವುದನ್ನು ನೋಡಿದರೆ ಯಾರಿಗಾದರೂ ಅರ್ಥವಾಗಬೇಕು. ನನಗೂ ಆಯಿತು. ಮರುದಿನ ಮತ್ತೆ ಬಂದಾಗ ಗಾಳಿಗೆ ನಿನ್ನ ಕೊರಳ ಶಾಲು ಸರಿಯಿತು. ಕುತ್ತಿಗೆಯ ಎರಡು ಬದಿಗೂ ಹೆಬ್ಬೆರಳಗಲದ ನೀಲಿ ಗುರುತು. ನೀನು ಶಾಲನ್ನು ಎಳೆದುಕೊಂಡೆ, ನಾನು ಸಾರಿನ ಪಾತ್ರೆಯ ಕಡೆಗೆ ತಿರುಗಿದೆ. ಗೊತ್ತಿರಲಿಲ್ಲ ಎಂದು ಇಂದು ಹೇಳಿಕೊಳ್ಳಬಹುದಿತ್ತು. ಗೊತ್ತಿತ್ತು ಸುಮಂಗಲಾ.

ಮೊದಲು ಯಾರ ಆದಾಯವನ್ನೂ ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಹಣ ಕೊಡುತ್ತಿದ್ದ ಸಂಸ್ಥೆಯವರು ನಿಯಮ ತಂದರು: ಮನೆಯ ಒಟ್ಟು ಆದಾಯ, ಗಂಡ ಹೆಂಡತಿ ಇಬ್ಬರದೂ ಸೇರಿಸಿ, ಒಂದು ಮಿತಿಯೊಳಗಿರಬೇಕು, ಸಂಬಳ ಚೀಟಿ ತೋರಿಸಬೇಕು. ನಮ್ಮನ್ನೆಲ್ಲ ಕೂರಿಸಿಕೊಂಡು ಹೆನ್ನಿ ಅದನ್ನು ಓದಿ ಹೇಳಿದಳು. ಓದಿ ಮುಗಿಸಿ ಕನ್ನಡಕ ತೆಗೆದು, ಇನ್ನೊಂದು ಮಾತು ಹೇಳಿದಳು. ಚೀಟಿಯಲ್ಲಿ ಸಂಬಳವಿದ್ದೂ ಅದು ಮಗುವಿನ ತಟ್ಟೆಗೆ ಬರುತ್ತಿಲ್ಲ ಎಂದು ನಿಮಗೆ ಅನ್ನಿಸಿದರೆ ನನ್ನ ಹತ್ತಿರ ಬನ್ನಿ, ಆ ಮಗುವಿಗೆ ಊಟ ಸಿಗುತ್ತದೆ, ಅದಕ್ಕೆ ನಿಯಮದಲ್ಲೇ ಅವಕಾಶವಿದೆ, ಮಾತು ನಮ್ಮಿಬ್ಬರ ನಡುವೆ ಇರುತ್ತದೆ — ಹೀಗೆ. ಒಂದು ಮಾತು ಸಾಕಿತ್ತು. ಹೆನ್ನಿಯ ಕೋಣೆ ಅಡುಗೆಮನೆಯಿಂದ ಹತ್ತು ಹೆಜ್ಜೆಯೂ ಇರಲಿಲ್ಲ.

ನಾನು ನಿನಗೆ ಅದನ್ನು ಹೇಳಲಿಲ್ಲ. ಸಂಬಳ ಚೀಟಿ ತಾ ಎಂದೆ.

ನಿನ್ನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ಪಗಾರ ಅವರದೈತ್ರಿ ಅಕ್ಕಾರ, ನನ್ನ ಕೈಯಾಗ ಒಂದು ರೊಕ್ಕ ಇಲ್ಲ. ಈಗ ಮನ್ಯಾಗ ಕುಂತು ಕೆಲಸ ಮಾಡ್ತಾರಲ್ರಿ, ಅಡಿಗಿ ಮನಿ ಕಪಾಟಿಗೂ ಕೀಲಿ ಹಾಕ್ಯಾರ. ನಾವು ಬಂದು ಒಯ್ಯೋದು ಅವರಿಗೆ ಗೊತ್ತಾಗಬಾರದ್ರಿ. ಗೊತ್ತಾದ್ರ —" ಎಂದು ನಿಲ್ಲಿಸಿದೆ. ಆಮೇಲೆ, "ನಮ್ಮ ಗದಗಿನ ಸಾಲ್ಯಾಗ ಬಿಸಿಯೂಟಕ್ಕ ಯಾರೂ ಅಪ್ಪನ ಪಗಾರ ಕೇಳ್ತಿರ್ಲಿಲ್ರಿ. ತಾಟು ಹಿಡದವರಿಗೆಲ್ಲಾ ಬಡಸ್ತಿದ್ರು" ಎಂದೆ.

ಆ ಮಾತಿಗೆ ಕರಗಬೇಕಾಗಿತ್ತು. ನನಗೆ ಸಿಟ್ಟು ಬಂತು. ನಿಮ್ಮ ಆದಾಯ ಮಿತಿ ಮೀರಿದೆ, ಊಟ ಕೊಡಲಾಗುವುದಿಲ್ಲ ಎಂದೆ. ಎಂಥ ಸಿಟ್ಟು ಅದು ಎಂದು ಈಗ ಹುಡುಕುತ್ತೇನೆ... ಹಕ್ಕಿದ್ದೂ ನಾನು ನನ್ನ ಮಕ್ಕಳಿಗೆ ಕೇಳಲಾರದ್ದನ್ನು, ಹಕ್ಕಿಲ್ಲದ ನೀನು ಕೇಳುತ್ತಿದ್ದೀಯ ಎಂಬ ಸಿಟ್ಟು. ನಿನ್ನ ಗಂಡನ ದೊಡ್ಡ ಕಾರು. ನನ್ನ ಗಂಡ ಹಗಲೆಲ್ಲ ಸೋಫಾದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುವುದು. ಇದೆಲ್ಲ ಸೇರಿ ನಿನ್ನ ಮೇಲೆ ತಿರುಗಿತು. ಇದನ್ನು ಬರೆಯುವಾಗಲೂ ಕಾರಣ ಕೊಡುತ್ತಿರುವಂತೆ ಕಾಣುತ್ತದೆ. ಇದಿನ್ನೂ ಅರ್ಧ ನಿಜ. ಉಳಿದ ಅರ್ಧ ಇದಕ್ಕಿಂತ ಹೊಲಸು.

ಅರವಿಂದನ ಕಂಪನಿಯಲ್ಲಿ ಆಗ ಕೆಲಸ ಖಾಲಿ ಇತ್ತು. ಶ್ರೀಧರ ಅವನಿಗೆ ಸಂದೇಶ ಕಳಿಸಿ ಉತ್ತರ ಬರದೆ ಕಾಯುತ್ತಿದ್ದ. ನನಗೆ ಅವನ ಹತ್ತಿರ ಮಾತಾಡಲು ಒಂದು ನೆಪ ಬೇಕಾಗಿತ್ತು. ನೀನು ಆ ನೆಪವಾದೆ.

ಮರುದಿನ ಬೆಳಗ್ಗೆ ಭವನದ ಹಿಂಬದಿ ಸೈಕಲ್ ನಿಲ್ಲಿಸುವ ಜಾಗದಲ್ಲಿ ನಿಂತು ಫೋನ್ ಮಾಡಿದೆ. ನನ್ನ ಮಾತು ಅಕ್ಷರಕ್ಕಕ್ಷರ ನೆನಪಿದೆ.

"ಅರವಿಂದ್, ತಪ್ಪು ತಿಳ್ಕೋಬೇಡಿ. ನಿಮ್ಮ ಮರ್ಯಾದೆ ವಿಷಯ ಅಂತ ಹೇಳ್ತಿದೀನಿ. ಸುಮಂಗಲಾ ಇಲ್ಲಿ ಬಡವರ ಮಕ್ಕಳಿಗೆ ಕೊಡೋ ಊಟ ತಗೊಂಡು ಹೋಗ್ತಿದಾರೆ. ನಿಮಗೆ ಗೊತ್ತಾ?"

ಆ ಕಡೆಯಿಂದ ಬಹಳ ಶಾಂತವಾದ ದನಿ. "ಒಳ್ಳೇದಾಯ್ತು ವಿಜಯಾ ಅವರೇ, ನೀವು ಹೇಳಿದ್ದು. ಮನೇಲಿ ನಾನು ನೋಡ್ಕೋತೀನಿ." ಇಡುವ ಮುಂಚೆ ಅವನೇ, "ಶ್ರೀಧರ್ ಅವರ ರೆಸ್ಯೂಮೆ ಇನ್ನೊಂದ್ಸಲ ಕಳ್ಸಿ, ಇವತ್ತೇ ಫಾರ್ವರ್ಡ್ ಮಾಡ್ತೀನಿ" ಎಂದ. ನಾನು ಕೇಳಲೂ ಬೇಕಾಗಲಿಲ್ಲ. ನಾನು ಥ್ಯಾಂಕ್ಸ್ ಹೇಳಿದೆ, ಸುಮಂಗಲಾ. ನಿನ್ನನ್ನು 'ನೋಡಿಕೊಳ್ಳುವ' ಮಾತು ಕೇಳಿ ನಾನು ಅವನಿಗೆ ಥ್ಯಾಂಕ್ಸ್ ಹೇಳಿದೆ.

ಮಧ್ಯಾಹ್ನ ಅವನು ನಿನ್ನನ್ನು ಕರೆತಂದ. ನೆಲವೆಲ್ಲ ಹೆಪ್ಪುಗಟ್ಟಿದ್ದ ದಿನ. ಒಳಗೆ ಪಾತ್ರೆ ತೊಳೆಯುತ್ತಿದ್ದರು, ಹೊಗೆ ಎಳೆಯುವ ಫ್ಯಾನು ಜೋರಾಗಿ ತಿರುಗುತ್ತಿತ್ತು. ಹಿತ್ತಿಲ ಕಡೆಯ ಕಿಟಕಿಯ ಹತ್ತಿರ ಇದ್ದವಳು ನಾನೊಬ್ಬಳೇ. ಅವನು ಕಾರಿನಿಂದ ಇಳಿದು ಖಾಲಿ ಡಬ್ಬಿಗಳ ಚೀಲವನ್ನು ಎತ್ತಿ ಮೆಟ್ಟಿಲಿಗೆ ಬಡಿದ. ಡಬ್ಬಿಗಳು ಒಡೆದು ಹಿಮದ ಮೇಲೆ ಚೆಲ್ಲಾಡಿದವು. ನಿನ್ನ ಜಡೆಯನ್ನು ಕೈಗೆ ಸುತ್ತಿಕೊಂಡು ಹೊರಗೆಳೆದ. "ಭಿಕ್ಷೆ ಬೇಡ್ತೀಯಾ? ಬೇಡು. ಕೈ ಚಾಚು" ಎಂದ. ನೀನು ಚಾಚಲಿಲ್ಲ. ಅವನೇ ನಿನ್ನ ಬಲಗೈ ಹಿಡಿದು ಕಾರಿನ ಬಾಗಿಲ ಸಂದಿಯಲ್ಲಿಟ್ಟ, ಇನ್ನೊಂದು ಕೈಯಲ್ಲಿ ಬಾಗಿಲು ಹಾಕಿದ. ಮತ್ತೆ ತೆಗೆದು, ಮತ್ತೆ ಹಾಕಿದ.

ಗಾಜು ಮುಚ್ಚಿತ್ತು. ನೀನು ಕಿರುಚಿದ್ದು ಫ್ಯಾನಿನ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲ. ಬಾಯಿ ತೆರೆದದ್ದು ಕಂಡಿತು. ಹಿಂದಿನ ಸೀಟಿನಲ್ಲಿ ಇಂಚರ ಎರಡೂ ಕೈಯಿಂದ ಕಾರಿನ ಗಾಜನ್ನು ಬಡಿಯುತ್ತಿದ್ದಳು. ನೀನು ಮೊಣಕಾಲ ಮೇಲೆ ಕುಸಿದೆ, ಕೈಯನ್ನು ಎದೆಗೆ ಒತ್ತಿ ಹಿಡಿದು ಭವನದ ಕಡೆ ತಲೆ ಎತ್ತಿದೆ. ನಾನು ಕಿಟಕಿಯಿಂದ ಹಿಂದೆ ಸರಿದೆ.

ನೀನು ನನ್ನನ್ನು ನೋಡಿದೆಯೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಹೆನ್ನಿ ಬಂದು ಹೊರಗೇನು ಸದ್ದು ಎಂದು ಕೇಳಿದಳು. ಯಾರೋ ಡಬ್ಬಿ ವಾಪಸ್ಸು ಕೊಟ್ಟು ಹೋದರು ಎಂದೆ. ಅವರೆಲ್ಲ ಊಟಕ್ಕೆ ಕುಳಿತಾಗ ನಾನು ಪೊರಕೆ ಹಿಡಿದು ಹೋಗಿ ಒಡೆದ ಪ್ಲಾಸ್ಟಿಕ್ಕು ಗುಡಿಸಿದೆ. ಹಿಮದಲ್ಲಿ ರಕ್ತದ ಹನಿಗಳಿದ್ದವು. ಬೂಟಿನಿಂದ ಉಜ್ಜಿ ಮುಚ್ಚಿದೆ.

ಆಗಲಾದರೂ ಪೊಲೀಸರಿಗೆ ಹೇಳಿದ್ದರೆ — ಅವನು ಮನೆ ಸೇರುವಷ್ಟರಲ್ಲಿ ಅವರು ಬಾಗಿಲಲ್ಲಿರುತ್ತಿದ್ದರು. ಆ ಒಂದು ಗಂಟೆಯೇ ಎಲ್ಲ. ಆ ಗಂಟೆಯಲ್ಲಿ ಮನೆಯೊಳಗೆ ಏನಾಯಿತು ಎಂಬುದು ನಿನ್ನ ಮೈಗೆ ಗೊತ್ತು. ನನಗೆ ಗೊತ್ತಾದದ್ದು ನಿನ್ನ ಪಕ್ಕದ ಮನೆಯ ಇಂದ್ರಾ ಆಂಟಿಯಿಂದ. ಸುರಿನಾಮಿನಿಂದ ಬಂದು ಆ ಫ್ಲಾಟಿನಲ್ಲೇ ಮುದುಕಿಯಾದವಳು, ಕೋಲು ಹಿಡಿದು ನಡೆಯುವವಳು. ಗೋಡೆಗೆ ಏನೋ ಅಪ್ಪಳಿಸಿದ ಸದ್ದು ಕೇಳಿ ಮೊಗಸಾಲೆಗೆ ಬಂದಳಂತೆ. ಮಗುವಿನ ಕೂಗು ಕೇಳಿತಂತೆ, ಆಮೇಲೆ ಅದೂ ನಿಂತುಹೋಯಿತಂತೆ. ಬಾಗಿಲು ತೆರೆಯಲಿಲ್ಲ. ಅವಳು ಕೋಲನ್ನು ತಿರುಗಿಸಿ ಹಿಡಿದು ನಿಮ್ಮ ಅಡುಗೆಮನೆಯ ಕಿಟಕಿಯ ಗಾಜನ್ನು ಒಡೆದಳು. ಒಡೆದ ಗಾಜಿನ ಆಚೆ ನೀನು ನೆಲದಲ್ಲಿ ಬಿದ್ದಿದ್ದೆ, ಅವನು ನಿನ್ನ ಮುಖಕ್ಕೆ ಒದೆಯುತ್ತಿದ್ದ. ಅಡ್ಡ ಬಂದ ಇಂಚರಳನ್ನು ಎತ್ತಿ ಎಸೆದದ್ದು ಅದಕ್ಕೂ ಮೊದಲೇ ಆಗಿತ್ತು. ಹೀಟರಿನ ಅಂಚಿಗೆ ತಲೆ ಬಡಿದು, ಕಿವಿಯಿಂದ ರಕ್ತ ಸುರಿಯುತ್ತಾ, ಮಗು ಗೋಡೆಗೊರಗಿ ಕಣ್ಣು ಬಿಟ್ಟುಕೊಂಡು ಕೂತಿತ್ತಂತೆ, ಅಳದೆ. ಇಂದ್ರಾ ಆಂಟಿ ಆ ಕಿಟಕಿಯ ಮುಂದೆ ನಿಂತು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದಳು. ಪೊಲೀಸರನ್ನು ಕರೆದವಳೂ ಅವಳೇ. ಒಡೆದ ಗಾಜಿನಿಂದ ಅವಳ ಮುಂಗೈಗೂ ಹೊಲಿಗೆ ಬಿದ್ದಿತ್ತು. ಅದು ನಿನಗೆ ಗೊತ್ತೇ?

ಮರುದಿನ ಪೊಲೀಸರು ಭವನಕ್ಕೂ ಬಂದರು. ಹಿತ್ತಿಲಲ್ಲಿ ಏನಾದರೂ ನೋಡಿದಿರಾ ಎಂದು ಒಬ್ಬೊಬ್ಬರನ್ನೇ ಕೇಳಿದರು. "ನಾನು ಅಡುಗೆಮನೆಯಲ್ಲಿದ್ದೆ" ಎಂದೆ. ಬರೆದುಕೊಂಡು ಹೋದರು. ಕಾರಿನ ಬಾಗಿಲು ಗಾಳಿಗೆ ಬಡಿಯಿತು, ಮಗು ಓಡುವಾಗ ಜಾರಿ ಬಿತ್ತು ಎಂದ ಅರವಿಂದ. ಒದ್ದದ್ದಕ್ಕೆ ಮಾತ್ರ ಸಾಕ್ಷಿಯಿತ್ತು. ಇಷ್ಟು ಗಂಟೆ ಸಮಾಜಸೇವೆ ಮಾಡು, ಕೆಲಕಾಲ ಹತ್ತಿರ ಹೋಗಬೇಡ — ಶಿಕ್ಷೆ ಅಷ್ಟಕ್ಕೇ ಮುಗಿಯಿತು. ಆ ಶಿಕ್ಷೆ ಹಗುರವಾಗಲು ನನ್ನ ಆ ಒಂದು ವಾಕ್ಯ ಅವನಿಗೆ ನೆರವಾಯಿತು.

ಅಷ್ಟರೊಳಗೆ ಶ್ರೀಧರನಿಗೆ ಕೆಲಸ ಸಿಕ್ಕಿತ್ತು. ಅವನು ಮನೆಯೊಳಗೆ ಬಂದು ಮಕ್ಕಳನ್ನು ಎತ್ತಿ ತಿರುಗಿಸಿದ. ನಾನು ಕೇಸರಿಭಾತ್ ಮಾಡಿದೆ. ಈಗಿರುವ ಮನೆ, ಅದರ ಹಿತ್ತಿಲು, ಮಕ್ಕಳ ಶಾಲೆ ಎಲ್ಲವೂ ಆ ಕೆಲಸದಿಂದ ಬಂದವು.

ವಸಂತ ಬಂದ ಮೇಲೆ ನೀನು ಒಂದು ಸಲ ನನಗೆ ಫೋನ್ ಮಾಡಿದೆ. ಹೆಂಗಸರ ಆಶ್ರಯಮನೆಯಲ್ಲಿದ್ದೆ. ಅದು ಎಲ್ಲಿದೆಯೆಂದು ಹೇಳುವಂತಿರಲಿಲ್ಲ, ಬೇರೊಂದು ಊರಿನ ರೈಲು ನಿಲ್ದಾಣಕ್ಕೆ ಬರಹೇಳಿದೆ. ಬೆಂಚಿನ ಎರಡು ತುದಿಗಳಲ್ಲಿ ಕುಳಿತೆವು, ಮಾಸ್ಕ್ ಹಾಕಿಕೊಂಡು. ನಾನು ಚಕ್ಕುಲಿ ತಂದಿದ್ದೆ. ನಿನ್ನ ಎರಡು ಬೆರಳು ಮಡಚುತ್ತಿರಲಿಲ್ಲ. ಇಂಚರಳ ಬಲಬದಿಗೆ ಬಂದು ನಿಂತು ನೀನು ಮಾತಾಡಿಸುತ್ತಿದ್ದೆ. ನಾನು ಎಡಬದಿಯಿಂದ ಕರೆದೆ, ಅವಳು ತಿರುಗಲಿಲ್ಲ.

"ಇಂದ್ರಾ ಆಂಟಿನ ಹೇಳಿದ್ಲು ಅಂತ ಬಡಿಯೋ ಮುಂದ ಅವರು ಅಂದ್ರು" ಎಂದೆ ನೀನು. "ನಿಮ್ಮನ್ನ ಬಿಟ್ರ ಆಕಿಗೊಬ್ಬಾಕಿಗೇ ಗೊತ್ತಿತ್ರಿ, ಆಕಿನೂ ನಮಗ ಆಗಾಗ ರೊಟ್ಟಿ ಕೊಡ್ತಿದ್ಲು. ತಾನ ಬೆಂಕಿ ಹಚ್ಚಿ ತಾನ ನೀರು ಹಾಕಿದ್ಲೇನ್ರಿ? ಖರೇ ಹೇಳ್ರಿ ಅಕ್ಕಾರ, ನಿಮಗೇನರ ಗೊತ್ತೈತಿ?"

ಅವನು ಏಕೆ ಹಾಗೆ ಹೇಳಿದ ಎಂದು ಆ ಕ್ಷಣವೇ ನನಗೆ ಹೊಳೆಯಿತು. ನಿನಗಿದ್ದ ಒಂದೇ ಮನೆಯ ಬಾಗಿಲನ್ನು ಮುಚ್ಚಿಸುವುದಕ್ಕೆ. ನನ್ನನ್ನು ಉಳಿಸುವ ಉದ್ದೇಶ ಅವನಿಗೆ ಇದ್ದಿರಲಾರದು, ಆದರೂ ನಾನು ಉಳಿದೆ. ನಿನ್ನ ಕಣ್ಣಲ್ಲಿ ಅನುಮಾನವೇ ಇರಲಿಲ್ಲ. ನನ್ನನ್ನು ನಂಬಿ ಕೇಳುತ್ತಿದ್ದೆ.

"ಇರಬಹುದು" ಎಂದೆ.

ಅಷ್ಟೇ. ನೀನು ಆ ಮಾತನ್ನು ತಲೆಯಾಡಿಸಿ ಸ್ವೀಕರಿಸಿದೆ. ಆಮೇಲೆ ಇಂದ್ರಾ ಆಂಟಿ ಎಷ್ಟು ಸಲ ನಿನ್ನನ್ನು ಹುಡುಕಿದಳೋ. ದಾರಿಯಲ್ಲಿ ನನ್ನನ್ನು ನಿಲ್ಲಿಸಿ ಅವಳ ಮುರುಕು ಹಿಂದಿಯಲ್ಲಿ, "ಆ ಹುಡುಗಿ ನನ್ನ ಫೋನ್ ಏಕೆ ಎತ್ತುವುದಿಲ್ಲ? ನಾನೇನು ಮಾಡಿದೆ?" ಎಂದು ಕೇಳುತ್ತಿದ್ದಳು. ನನಗೂ ಗೊತ್ತಿಲ್ಲ ಎನ್ನುತ್ತಿದ್ದೆ. ಎಷ್ಟು ಸುಲಭವಾಗಿ ಬರುತ್ತಿತ್ತು ಆ ಮಾತು.

ಇಷ್ಟು ದಿನ ಹೇಳದವಳು ಈಗೇಕೆ ಹೇಳುತ್ತಿದ್ದೇನೆ ಎಂದು ನೀನು ಕೇಳುವುದು ನ್ಯಾಯ. ನನ್ನ ಮನಸ್ಸು ತಾನಾಗಿ ಕರಗಿ ಹೇಳುತ್ತಿದ್ದೇನೆ ಎಂದರೆ ಅದು ಇನ್ನೊಂದು ಸುಳ್ಳು. ಕಳೆದ ತಿಂಗಳು ಅರವಿಂದ ಫೋನ್ ಮಾಡಿದ. ಇಂಚರಳನ್ನು ವಾರಕ್ಕೊಮ್ಮೆ ತನ್ನ ಮನೆಗೆ ಕರೆದೊಯ್ಯಲು ಅನುಮತಿ ಬೇಕೆಂದು ಅವನು ಕೋರ್ಟಿಗೆ ಹೋಗಿರುವುದು ನಿನಗೆ ಗೊತ್ತು. ಅದಕ್ಕೆ ನನ್ನಿಂದ ಒಂದು ಹೇಳಿಕೆ ಬೇಕಂತೆ.

"ಊಟಕ್ಕೆ ಅವಳು ಅಪ್ಲೈ ಮಾಡ್ದಾಗ ನಮ್ಮ ಇನ್‌ಕಮ್ ಜಾಸ್ತಿ ಅಂತ ನೀವೇ ಅಲ್ವಾ ಬೇಡ ಅಂದಿದ್ದು? ಅದನ್ನೇ ಹೇಳಿ ಸಾಕು. ಅಷ್ಟು ಸಂಬಳ ಇರೋ ಮನೇಲಿ ಮಗು ಹಸ್ಕೊಂಡಿರತ್ತೆ ಅಂದ್ರೆ ಯಾರು ನಂಬ್ತಾರೆ?" ಎಂದ. ಅದೇ ಶಾಂತ ದನಿ. ಆಮೇಲೆ, "ಶ್ರೀಧರ್ ಪ್ರೊಮೋಷನ್ ಫೈಲ್ ನನ್ನ ಟೇಬಲ್ ಮೇಲೇ ಇದೆ" ಎಂದ.

ಊಟ ಕೊಡದೆ ನಾನು ಹಾಕಿದ ತಡೆಯನ್ನೇ, ಮಗು ಹಸಿದಿರಲಿಲ್ಲ ಎಂಬುದಕ್ಕೆ ಸಾಕ್ಷಿ ಮಾಡಹೊರಟಿದ್ದಾನೆ. ಇಂಚರಳಿಗೆ ಈಗ ಹನ್ನೊಂದು ವರ್ಷ. ಅವನ ಮನೆಯಲ್ಲಿ ಅವಳೊಬ್ಬಳೇ, ಬಾಗಿಲು ಹಾಕಿಕೊಂಡು — ಅದನ್ನು ಮುಂದೆ ಊಹಿಸಲು ನನ್ನಿಂದಾಗಲಿಲ್ಲ.

ಮೊದಲು ಶ್ರೀಧರನಿಗೆ ಹೇಳಿದೆ. ಅವನು, "ನನ್ನ ಕೆಲಸಕ್ಕಾ?" ಎಂದ. ಹೌದೆಂದೆ. ಕೈಯಲ್ಲಿದ್ದ ಲೋಟವನ್ನು ಗೋಡೆಗೆ ಎಸೆದ. ಹದಿನೈದು ವರ್ಷದಲ್ಲಿ ಅವನು ಹಾಗೆ ಮಾಡಿದ್ದು ಅದೇ ಮೊದಲು. ಈಗ ಬೇರೆ ಕೋಣೆಯಲ್ಲಿ ಮಲಗುತ್ತಾನೆ. ಆ ಕಂಪನಿಗೆ ರಾಜೀನಾಮೆ ಕೊಡುವುದಾಗಿ ಹೇಳಿದ್ದಾನೆ. ನಾನು ಬೇಡ ಎನ್ನಲಿಲ್ಲ.

ಆಮೇಲೆ ಇಂದ್ರಾ ಆಂಟಿಯ ಮನೆಗೆ ಹೋದೆ. ಚಹಾ ಮಾಡಲು ಎದ್ದವಳನ್ನು ಕೂರಿಸಿ ಎಲ್ಲ ಹೇಳಿದೆ. ಮುಗಿಯುವವರೆಗೂ ಕೇಳಿದಳು. ಎದ್ದು ಹತ್ತಿರ ಬಂದು ನನ್ನ ಕೆನ್ನೆಗೆ ಹೊಡೆದಳು. ಆ ಮುದಿ ಕೈಯಲ್ಲಿ ಅಷ್ಟು ಬಲ ಇರುತ್ತದೆಂದು ಅಂದುಕೊಂಡಿರಲಿಲ್ಲ, ಕಿವಿ ಗುಂಯ್ ಎಂದಿತು. "ನನಗೆ ಹೇಳಿ ಏನು ಪ್ರಯೋಜನ? ಹೋಗಿ ಅವಳಿಗೆ ಹೇಳು" ಎಂದು ಬಾಗಿಲು ತೋರಿಸಿದಳು.

ಅದಕ್ಕೇ ಇದು. ನಿನ್ನ ವಕೀಲೆಯ ಹತ್ತಿರ ಹೋಗಿ ನಾನು ಕಂಡದ್ದನ್ನು, ಮಾಡಿದ್ದನ್ನು, ಅವನು ಫೋನಿನಲ್ಲಿ ಎರಡು ಸಲ ಆಡಿದ್ದನ್ನು ಹೇಳಿ ಬಂದಿದ್ದೇನೆ. ನಿನ್ನ ಕೈ ಸಂದಿಯಲ್ಲಿದೆ ಎಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಬಾಗಿಲು ಹಾಕಿದ, ಎರಡು ಸಲ ಹಾಕಿದ. ಅಂದು ಪೊಲೀಸರಿಗೆ ಸುಳ್ಳು ಹೇಳಿದೆ ಎಂದೂ ಹೇಳಿದ್ದೇನೆ. ಅದಕ್ಕೆ ನನಗೆ ಏನಾಗಬೇಕೋ ಆಗಲಿ. ಹೆನ್ನಿ ಈಗ ನಿವೃತ್ತಳಾಗಿದ್ದಾಳೆ, ಅವಳಿಗೂ ಹೇಳಿದೆ. "ನನ್ನ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತಲ್ಲ" ಎಂದು ಅಷ್ಟೇ ಅಂದಳು.

ಕ್ಷಮಿಸು ಎಂದು ನಾನು ಕೇಳುತ್ತಿಲ್ಲ. ಕೇಳಿದರೆ ಅದನ್ನೂ ನೀನು ಹೊರಬೇಕಾಗುತ್ತದೆ. ನನಗೆ ಉತ್ತರ ಬರೆಯಬೇಡ, ಫೋನೂ ಬೇಡ. ಆದರೆ ಇಂದ್ರಾ ಆಂಟಿಗೆ ಈಗ ಎಪ್ಪತ್ತೆಂಟು. ಮೊನ್ನೆ ಆಸ್ಪತ್ರೆಗೆ ಸೇರಿಸಿ ಕರೆತಂದಿದ್ದಾರೆ. ತಡಮಾಡಬೇಡ.

ಕೋರ್ಟಿನಲ್ಲಿ ಅವನು ಎದುರಿಗೇ ಕುಳಿತಿರುತ್ತಾನೆ ಎಂದು ವಕೀಲೆ ಹೇಳಿದ್ದಾರೆ. ಹೆದರಿಕೆ ಇದೆ. ಅವನು ನೋಡುತ್ತಿರುವಾಗಲೇ ಹೇಳುತ್ತೇನೆ.